ನಾನು ದಲ್ಲಾಳಿಯಲ್ಲ

80 ಲಕ್ಷ ರೂಪಾಯಿಯ ಮನೆಗೆ ಶೇಕಡಾ 2ರಂತೆ ದಲ್ಲಾಳಿಯ ಕಮಿಷನ್ನು 1,60,000 ರೂಪಾಯಿಗಳಾಗುತ್ತದೆಂಬ ಲೆಕ್ಕವನ್ನು ಹಾಲಿನ ಚೀಟಿಯ ಬೆನ್ನ ಮೇಲೆ ಮಾಡಿ ಮುಗಿಸಿದ ಆ ಪ್ರಾತಃಕಾಲದಲ್ಲಿಯೇ, ದಲ್ಲಾಳಿಯ ನೆರಳೂ ಸೋಂಕದಂತೆ ಮೈಸೂರಿನಲ್ಲಿ ಮನೆ ಕೊಳ್ಳತಕ್ಕದ್ದೆಂದು ನಾನು ಭೀಷ್ಮಪ್ರತಿಜ್ಞೆಯನ್ನು ಕೈಗೊಂಡೆನು. ಅದೇ ಮನೆಗೆ ಸರಕಾರವು ಶೇಕಡಾ 5ರ ಮುದ್ರಾಂಕ ಶುಲ್ಕವನ್ನೂ ಅದರ ಬಾಲಕ್ಕೆ ಸೆಸ್ಸು ಸರ್‌ಚಾರ್ಜುಗಳನ್ನೂ ಕಟ್ಟಿ ವಸೂಲು ಮಾಡುವುದೆಂಬುದಾಗಲಿ, ನೋಂದಣಿ ಶುಲ್ಕವು 2025ರ ಆಗಸ್ಟಿನ ಕೊನೆಯಲ್ಲಿ ಶೇಕಡಾ 1ರಿಂದ 2ಕ್ಕೆ ಏರಿತೆಂಬುದಾಗಲಿ ನಾನರಿಯದ ಸಂಗತಿಯಲ್ಲ. ಆದರೂ ಸರಕಾರದ 2ಕ್ಕೆ ತಲೆಬಾಗಿದವನು ದಲ್ಲಾಳಿಯ 2ಕ್ಕೆ ಹೆಡೆಯೆತ್ತಿದೆನು. ಸರಕಾರಕ್ಕೆ ಮುಖವಿಲ್ಲ. ದಲ್ಲಾಳಿಗೆ ಮುಖವೂ ಉಂಟು, ಮುಖದಲ್ಲಿ ಎಲೆಯಡಿಕೆಯೂ ಉಂಟು.

ವ್ರತ ಹಿಡಿದ ಮೇಲೆ ಅಧ್ಯಯನವಾಗಬೇಡವೆ? ಖಾತಾ, ಕಂದಾಯದ ರಸೀದಿ, ಮೂಲಪತ್ರ, 30 ವರ್ಷಗಳ ಇ.ಸಿ. ಎಂಬ ಋಣಭಾರ ಪ್ರಮಾಣಪತ್ರ, ಆ ಇ.ಸಿ. ನಮೂನೆ 15ರಲ್ಲಿ ಬಂದರೆ ವ್ಯವಹಾರ ಉಂಟು, 16ರಲ್ಲಿ ಬಂದರೆ ಶೂನ್ಯ ಎಂಬಿವೇ ಮೊದಲಾದ ಸೂತ್ರಗಳನ್ನು ನಾನು ಪಠಿಸುತ್ತಿದ್ದುದನ್ನು ಕೇಳಿ, “ಸಂಧ್ಯಾವಂದನೆಯಲ್ಲಿ ಈ ಶ್ರದ್ಧೆಯಿದ್ದಿದ್ದರೆ ದೇವರೇ ಒಂದು ಮನೆ ಕೊಡುತ್ತಿದ್ದ” ಎಂದಳು ನನ್ನ ಹೆಂಡತಿ. ಎರಡು ತಿಂಗಳಲ್ಲಿ ಹನ್ನೊಂದು ಮನೆಗಳನ್ನು ನೋಡಿದೆನು. ಅವುಗಳ ಕಥೆ ಬೇಡ.

ಹನ್ನೆರಡನೆಯದು ಸರಸ್ವತೀಪುರದಲ್ಲಿ. ಗೇಟಿಗೆ ತಂತಿಯಿಂದ ಬಿಗಿದ ತಗಡಿನ ಮೇಲೆ, “ಮನೆ ಮಾರಾಟಕ್ಕಿದೆ. ದಲ್ಲಾಳಿಗಳಿಗೆ ಪ್ರವೇಶವಿಲ್ಲ” ಎಂದಿದ್ದಿತು. ನನಗಾಗಿಯೇ ಕೊರೆಯಿಸಿದ ಶಾಸನವೆಂದು ಪುಳಕಿತನಾಗಿ, ಬಗಲಲ್ಲಿ ಕೊಡೆ, ಕೈಯಲ್ಲಿ ಕಾಗದದ ಚೀಲ, ಕಿವಿಯ ಸಂದಿಯಲ್ಲಿ ಪೆನ್ಸಿಲು ಸಮೇತನಾಗಿ ಒಳಹೊಕ್ಕೆನು. ಜಗಲಿಯ ಮೇಲಿದ್ದ ವೃದ್ಧರು ನನ್ನನ್ನು ಪಾದಾದಿಕೇಶಾಂತವಾಗಿ ನೋಡಿ, ಪೆನ್ಸಿಲಿನಲ್ಲಿ ದೃಷ್ಟಿಯನ್ನು ನಿಲ್ಲಿಸಿದರು.

“ಬೋರ್ಡು ಕಾಣಿಸಲಿಲ್ಲವೆ?”

“ಕಂಡೇ ಬಂದೆ, ಸ್ವಾಮಿ. ನಾನು ಕೊಳ್ಳುವವನು.”

“ನಿನ್ನೆ ಬಂದವನೂ ಹಾಗೇ ಅಂದ.”

ತಾನು ಕಳ್ಳನಲ್ಲವೆಂಬುದನ್ನು ಮನುಷ್ಯನು ಸಾಕ್ಷಿಗಳಿಂದ ಸ್ಥಾಪಿಸಬಹುದು. ಹುಚ್ಚನಲ್ಲವೆಂಬುದಕ್ಕೆ ವೈದ್ಯರ ಚೀಟಿ ತರಬಹುದು. ದಲ್ಲಾಳಿಯಲ್ಲವೆಂಬುದನ್ನು ಸ್ಥಾಪಿಸುವ ಪ್ರಮಾಣವು ಪ್ರತ್ಯಕ್ಷ, ಅನುಮಾನ, ಉಪಮಾನಗಳಲ್ಲೆಲ್ಲಿಯೂ ನನಗೆ ದೊರೆಯಲಿಲ್ಲ. ಆಧಾರ್ ಚೀಟಿ ತೋರಿಸಿದೆನು. “ದಲ್ಲಾಳಿಗೆ ಆಧಾರ್ ಇರುವುದಿಲ್ಲವೆ?” ಎಂದರು. ಪೆನ್ಸಿಲನ್ನು ಜೇಬಿಗೆ ಇಳಿಸಿದೆನು. “ಈಗ ಬಚ್ಚಿಟ್ಟರೇನು?” ಎಂದರು. ನಾನು ಮೂವತ್ತೊಂದು ವರ್ಷ ಗಣಿತ ಹೇಳಿಕೊಟ್ಟ ಮೇಷ್ಟರೆಂದು ನಿವೇದಿಸಿಕೊಂಡುದಕ್ಕೆ, “ಕಮಿಷನ್ನು ಲೆಕ್ಕ ಹಾಕಲು ಅನುಕೂಲ” ಎಂದರು. ಕಡೆಗೆ ನನ್ನ ವಿದ್ಯೆಯನ್ನೇ ಮೊರೆಹೊಕ್ಕು, ಖಾತಾ ಯಾರ ಹೆಸರಿನಲ್ಲಿದೆ, ಮೂಲಪತ್ರ ಕೈಯಲ್ಲಿದೆಯೆ, 30 ವರ್ಷಗಳ ಇ.ಸಿ. ತೆಗೆಸಿದ್ದಾರೆಯೆ ಎಂದು ಒಂದೇ ಉಸಿರಿಗೆ ಕೇಳಿದೆನು. ಅವರು ತೊಡೆ ತಟ್ಟಿಕೊಂಡರು.

“ಸಿಕ್ಕಿಬಿದ್ದಿರಿ! ಮನೆ ಕೊಳ್ಳುವವನು ಮೊದಲು ಕೇಳುವುದು ನಲ್ಲಿಯಲ್ಲಿ ನೀರು ಎಷ್ಟು ಹೊತ್ತಿಗೆ ಬರುತ್ತದೆ ಎಂದು.”

ಒಳಗಿನಿಂದ, “ಕಾಫಿ ಕುಡಿದೇ ಹೋಗಲಿ ಅನ್ನಿ. ದಲ್ಲಾಳಿಯಾದರೆ ಬಾಯಾರಬಾರದೆ?” ಎಂಬ ಮನೆಯಾಕೆಯ ಕರುಣಾಪೂರಿತ ಧ್ವನಿ ಕೇಳಿಬಂದಿತು. ಹಾಗೆ ನಾನು ದಲ್ಲಾಳಿಯೆಂಬ ಬಿರುದಿನೊಡನೆಯೇ ಅಡಿಗೆಮನೆಯ ಬಾಗಿಲಲ್ಲಿ ನಿಂತು ಕಾಫಿ ಸ್ವೀಕರಿಸಿದೆನು.

ಅಲ್ಲಿ ನೆಲದೊಳಕ್ಕೆ ಹೂಳಿದ ಒರಳೊಂದಿದ್ದಿತು. ಅದರ ಪಕ್ಕದಲ್ಲಿ, ರುಬ್ಬುವವರು ಕುಳಿತುಕೊಳ್ಳುವ ಜಾಗದಲ್ಲಿ, ಕೆಂಪು ಸಿಮೆಂಟು ಸವೆದು ತಟ್ಟೆಯಷ್ಟಗಲ ಬೆಳ್ಳಗಾಗಿದ್ದಿತು. ಹೋದ ತಿಂಗಳು ಒಬ್ಬ ದಲ್ಲಾಳಿ ಕರೆತಂದ ಪಾರ್ಟಿಯವರು ಆಕೆ ಅನ್ನ ಬಸಿಯುತ್ತಿದ್ದಾಗ ಬೂಟುಗಾಲಿನಲ್ಲಿಯೇ ಒಳಬಂದು, ಗೋಡೆಯನ್ನು ಗುದ್ದಿ ನೋಡಿ, “ನೆಲಕ್ಕಷ್ಟೇ ದುಡ್ಡು, ಕಟ್ಟಡ ಕೆಡವಬೇಕು, ಮೊದಲು ಈ ಕಲ್ಲನ್ನು ಕೀಳಿಸಿ” ಎಂದರಂತೆ. ಬೋರ್ಡು ಬಂದುದು ಮಾರನೆಯ ದಿನ. ಆಕೆ ಇದನ್ನು ದೂರಿನಂತೆ ಹೇಳಲಿಲ್ಲ. ಹೇಳುತ್ತ ಲೋಟವನ್ನು ಎರಡು ಸಲ ತೊಳೆದರು. ಅವರು ಹೇಳಿದ ಬೆಲೆ ನನ್ನ ಶಕ್ತಿಯ ಇಮ್ಮಡಿಗೂ ಮಿಗಿಲಾಗಿದ್ದುದರಿಂದ ನಾನು ಒರಳಿನ ಪರವಾಗಿ ಏನೂ ಮಾಡುವಂತಿರಲಿಲ್ಲ.

ಭಾರವಾದ ಮನಸ್ಸಿನಿಂದ ಗೇಟು ದಾಟುತ್ತಿರುವಾಗ ಎದುರುಮನೆಯವರು ಅಡ್ಡಗಟ್ಟಿ, “ಸಾರ್, ಕುವೆಂಪುನಗರದ ಕಡೆ 30-40 ಯಾವುದಾದರೂ ಇದೆಯೆ?” ಎಂದರು. ನಾನು ದಲ್ಲಾಳಿಯಲ್ಲವೆಂದು ಹೇಳಬೇಕೆಂದೇ ಬಾಯಿ ತೆರೆದೆನು. ಹನ್ನೊಂದು ಮನೆಗಳನ್ನು ಕಂಡ ನಾಲಿಗೆಯು ತನ್ನಷ್ಟಕ್ಕೆ ತಾನೇ, “ಪೂರ್ವದ ಬಾಗಿಲೋ, ಉತ್ತರದ್ದೋ?” ಎಂದು ಕೇಳಿಬಿಟ್ಟಿತು.

“ನಾನು ಹೇಳಲಿಲ್ಲವೇನೆ!” ಎಂಬ ವಿಜಯಘೋಷವು ಜಗಲಿಯಿಂದ ಕೇಳಿಸಿತು.

ಉಳಿದುದನ್ನು ಬೇಗ ಮುಗಿಸುತ್ತೇನೆ. ಕುವೆಂಪುನಗರದಲ್ಲಿಯೇ ಒಂದು ಮನೆಗೆ ಮುಂಗಡ ಕೊಡಲು ಹೊರಟಿದ್ದೆನು. ಕಾಗದಗಳೆಲ್ಲ ಗಂಗೆಯಷ್ಟು ನಿರ್ಮಲ. ನನ್ನ ಹೆಂಡತಿಯು ಗುಟ್ಟಾಗಿ ಕರೆಸಿದ ದಲ್ಲಾಳಿ ಬಂದು, ಕಾಗದಗಳನ್ನು ಮುಟ್ಟದೆ, ಆ ಬೀದಿಯ ಮೂಲೆಯ ಇಸ್ತ್ರಿಯವನೊಡನೆ ಒಂದು ಟೀ ಕುಡಿದು ಹಿಂದಿರುಗಿ, “ತಂದೆಯ ಮನೆ, ವಿಲ್ ಇಲ್ಲ, ಹುಬ್ಬಳ್ಳಿಯಲ್ಲಿ ತಂಗಿ ಇದ್ದಾಳೆ, ಸಹಿ ಹಾಕಿಲ್ಲ” ಎಂದನು. 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯ ಪ್ರಕಾರ ಮಗಳಿಗೂ ಪಾಲುಂಟೆಂಬುದನ್ನು ನಾನು ಓದಿದ್ದೆನು, ಮಗಳಿದ್ದಾಳೆಂಬುದನ್ನು ಓದಿರಲಿಲ್ಲ. ನೋಂದಣಿಯಾದ ಪತ್ರಗಳನ್ನಷ್ಟೇ ಹೇಳುವ ಇ.ಸಿ.ಗೆ ಹುಬ್ಬಳ್ಳಿಯ ತಂಗಿಯ ಮುನಿಸು ಹೇಗೆ ತಿಳಿದೀತು?

ಅವನೇ ತೋರಿಸಿದ ಬೇರೊಂದು ಮನೆಯನ್ನು ಕೊಂಡು ಶೇಕಡಾ 2ನ್ನು ಎಣಿಸಿಕೊಟ್ಟೆನು. ಮಾತಿನ ನಡುವೆ ಸರಸ್ವತೀಪುರದ ಎದುರುಮನೆಯವರ 30-40ರ ಪ್ರಸ್ತಾಪವೂ ಬಂದುಹೋಗಿದ್ದಿರಬೇಕು. ಕಳೆದ ವಾರ ಆತನು ಬಂದು, “ಪಾರ್ಟಿ ಸೆಟ್ಲಾಯಿತು ಮೇಷ್ಟರೆ, ಇದು ತಮ್ಮದು” ಎಂದು ಒಂದು ಲಕೋಟೆಯನ್ನು ಮೇಜಿನ ಮೇಲಿಟ್ಟುಹೋದನು. ನಾನು ಅದನ್ನು ಮುಟ್ಟಿಲ್ಲ. ನನ್ನ ಹೆಂಡತಿ ಎರಡು ಸಲ ಎಣಿಸಿದ್ದಾಳೆ.