ಗೋನಿಯನ್ ಎಲ್ಲಿದೆ ಸಾರ್?

ದವಡೆ ಎಲುಬಿಗೆ ಒಂದು ಮೂಲೆಯಿದೆ, ಅದರ ಹೆಸರು ಗೋನಿಯನ್ ಎಂದು ಪಠ್ಯಪುಸ್ತಕಗಳೆಲ್ಲ ಹೇಳುತ್ತವೆ. ನಂಬಬೇಡಿ. ಕಿವಿಯ ಕೆಳಗಿನಿಂದ ಗಲ್ಲದವರೆಗೆ ಬೆರಳಾಡಿಸಿ ನೋಡಿ: ಎಲುಬು ಇಳಿಯುತ್ತದೆ, ನಿಧಾನಕ್ಕೆ ತಿರುಗುತ್ತದೆ, ಮುಂದಕ್ಕೆ ಹೋಗುತ್ತದೆ. ಮೂಲೆ ಎಲ್ಲಿ ಎಂದರೆ ಹೊಸದುರ್ಗ ರಸ್ತೆಯಲ್ಲಿ ದಾರಿ ಕೇಳಿದಂತೆ: ‘ಇಲ್ಲೇ ಮುಂದೆ, ಒಂದು ತಿರುವು ಬರುತ್ತೆ ನೋಡಿ, ಅಲ್ಲೇ.’

ವಕ್ರದಂತ ಸರಿಪಡಿಸುವ ನಮ್ಮಂಥವರಿಗೆ ಇಂಥ ಗುರುತುಗಳೇ ಬಂಡವಾಳ. ತಲೆಯನ್ನು ಅಲುಗಾಡದಂತೆ ಹಿಡಿದು ಪಕ್ಕದಿಂದ ಎಕ್ಸ್‌ರೇ ತೆಗೆಯುವ ವಿಧಾನವನ್ನು ಅಮೆರಿಕದ ಬ್ರಾಡ್‌ಬೆಂಟ್ 1931ರಲ್ಲಿ ಪ್ರಕಟಿಸಿದ. ಆ ಫಿಲಂ ಮೇಲೆ ಟ್ರೇಸಿಂಗ್ ಹಾಳೆ ಅಂಟಿಸಿ, ದೀಪದ ಪೆಟ್ಟಿಗೆಯ ಮೇಲಿಟ್ಟು, ಚೂಪು ಪೆನ್ಸಿಲ್ಲಿನಲ್ಲಿ ಚುಕ್ಕಿ ಇಡುವುದೇ ನಾವು ಕಲಿತ ವಿದ್ಯೆ. ಎಡಬಲ ದವಡೆಗಳು ಒಂದರ ಮೇಲೊಂದು ಬಿದ್ದು ಎರಡು ಗೆರೆ ಕಂಡರೆ, ನಡುವೆ ಮೂರನೆಯದನ್ನು ಎಳೆದು ಊಟಕ್ಕೆ ಹೋಗುತ್ತಿದ್ದೆವು. ಸಿಟಿ ಸ್ಕ್ಯಾನ್ ಬಂದು ಆ ನೆಮ್ಮದಿಯೂ ಹೋಯಿತು. ಈಗ ಬುರುಡೆ ಪರದೆಯ ಮೇಲೆ ಗಿರಗಿರ ತಿರುಗುತ್ತದೆ, ಗುರುತು ಮಾತ್ರ ನಾವೇ ಹಾಕಬೇಕು.

ನನ್ನ ವಿದ್ಯಾರ್ಥಿನಿ ಹಿರಿಯೂರಿನವಳು. ಥೀಸಿಸ್ಸಿಗೆಂದು ಒಂದು ಕಟ್ಟು ಸೀಡಿ ತಂದು ಮೇಜಿನ ಮೇಲಿಟ್ಟಳು. ಓಬವ್ವನ ಕಿಂಡಿಯಿರುವ ಚಿತ್ರದುರ್ಗದಲ್ಲಿ ಕೂತಿದ್ದರೂ ನಮ್ಮ ಹೊಸ ಲ್ಯಾಪ್‌ಟಾಪಿನಲ್ಲಿ ಸೀಡಿ ತೂರಿಸಲು ಒಂದು ಕಿಂಡಿ ಇರಲಿಲ್ಲ. ಡ್ರೈವ್ ಎರವಲು ತಂದು ತೆರೆದರೆ, ಕೆಲವು ಸ್ಕ್ಯಾನುಗಳಲ್ಲಿ ಒಂದೊಂದು ಪದರ ಐದು ಮಿಲಿಮೀಟರ್ ದಪ್ಪ. ಬುರುಡೆಯೆಲ್ಲ ಮೆಟ್ಟಿಲು ಮೆಟ್ಟಿಲು. ಅವನ್ನು ಪಕ್ಕಕ್ಕಿಟ್ಟೆವು.

‘ಯಾವ ಸಾಫ್ಟ್‌ವೇರ್ ಹಾಕೋಣ ಸಾರ್?’

ಸಲಹೆಗೆ ಬರವೇ? ಟಿಪಿಎಸ್‌ಡಿಗ್ ಎಂದರು ಒಬ್ಬರು. ಮೀನಿನ ಫೋಟೊಗೆ, ನೊಣದ ರೆಕ್ಕೆಗೆ ಬಲು ಸೊಗಸು, ಆದರೆ ಅದಕ್ಕೆ ಚಪ್ಪಟೆ ಚಿತ್ರವೇ ಬೇಕು. ಅವಿಜೊ ಎಂದರು ಇನ್ನೊಬ್ಬರು. ಅದರ ಬೆಲೆ ವಿಚಾರಿಸಿದರೆ ‘ನಮ್ಮನ್ನು ಸಂಪರ್ಕಿಸಿ’ ಎನ್ನುತ್ತದೆ. ಬೆಲೆ ಬರೆಯದ ಸೀರೆ ಅಂಗಡಿಗೆ ಕಾಲಿಡಬಾರದು ಎಂಬುದು ನಮ್ಮ ಮನೆಯವರ ಸಿದ್ಧಾಂತ, ನನಗೂ ಒಪ್ಪಿಗೆ. ಉಳಿದದ್ದು 3ಡಿ ಸ್ಲೈಸರ್. ಬಾಸ್ಟನ್ನಿನ ಬ್ರಿಗಮ್ ಅಂಡ್ ವಿಮೆನ್ಸ್ ಆಸ್ಪತ್ರೆಯವರೂ ಎಂಐಟಿಯವರೂ ಸೇರಿ 1998ರ ಸುಮಾರಿಗೆ ಶುರು ಮಾಡಿದ್ದು. ಸ್ಕ್ಯಾನಿನ ಡೈಕಾಮ್ ಫೈಲುಗಳನ್ನು ನೇರವಾಗಿ ನುಂಗುತ್ತದೆ. ಗುರುತು ಹಾಕುವವರಿಗೆಂದೇ ಸ್ಲೈಸರ್‌ಮಾರ್ಫ್ ಎಂಬ ಜೋಡಣೆಯೂ ಇದೆ. ಎಲ್ಲವೂ ಪುಕ್ಕಟೆ.

ಒಂದೇ ತಕರಾರು. ಸ್ಲೈಸರ್ ತನ್ನೊಳಗೆ ರೋಗಿಯ ಬಲಕ್ಕೂ ಮುಂದಕ್ಕೂ ಅಳೆಯುತ್ತದೆ, ಡೈಕಾಮ್ ಎಡಕ್ಕೂ ಹಿಂದಕ್ಕೂ. ಯಾವ ಲೆಕ್ಕದ ಫೈಲು ಎಂದು ನೋಡದೆ ಇನ್ನೊಂದು ಸಾಫ್ಟ್‌ವೇರಿಗೆ ಕೊಟ್ಟರೆ ಗುರುತುಗಳೆಲ್ಲ ಅರ್ಧ ಸುತ್ತು ತಿರುಗಿ, ಮೂಗಿನ ಬುಡದ ಚುಕ್ಕಿ ಹಿಂದಲೆಯ ಕಡೆ ಕೂರುತ್ತದೆ. ಅಂಥ ಬುರುಡೆಗೆ ಯಾವ ಹಲ್ಲಿಗೆ ಕ್ಲಿಪ್ ಹಾಕುತ್ತೀರಿ?

ಇಷ್ಟಾದರೂ ಗೋನಿಯನ್ ಎಲ್ಲಿದೆ ಎಂದು ಸ್ಲೈಸರ್ ಹೇಳಲಿಲ್ಲ. ಹುಡುಗಿ ಸೋಮವಾರ ಇಟ್ಟ ಚುಕ್ಕಿ ಒಂದು ಕಡೆ, ಹದಿನೈದು ದಿನ ಬಿಟ್ಟು ಅದೇ ಬುರುಡೆಗೆ ಇಟ್ಟದ್ದು ಇನ್ನೊಂದು ಕಡೆ, ನಾನಿಟ್ಟದ್ದು ಎರಡರಿಂದಲೂ ದೂರ. ‘ಯಾವುದು ಸರಿ ಸಾರ್?’ ಎಂದಳು. ಮೇಷ್ಟ್ರದ್ದು ಸರಿ ಎನ್ನಲು ಬಾಯಿ ಬಂತು, ಪರದೆ ನೋಡಿ ಸುಮ್ಮನಾದೆ. ಮೂರರ ಅಂತರವನ್ನೂ ಥೀಸಿಸ್ಸಿನಲ್ಲಿ ಬರೆಯಲು ಹೇಳಿದೆ. ಗುರುತಿಗಿಂತ ಆ ಅಂತರವೇ ಪ್ರಾಮಾಣಿಕ.

ಸಾಫ್ಟ್‌ವೇರ್ ಆಯ್ಕೆ ಮುಗಿಯಿತೆಂದು ಕಡತ ಆಫೀಸಿಗೆ ಹೋಯಿತು. ಅಲ್ಲಿ ಹೊಳಲ್ಕೆರೆಯ ಗುಮಾಸ್ತರು ಕನ್ನಡಕ ಏರಿಸಿದರು.

‘ಮೂರು ಕೊಟೇಷನ್ ಎಲ್ಲಿ ಸಾರ್?’

‘ಪುಕ್ಕಟೆ ಕಣ್ರೀ, ದುಡ್ಡೇ ಇಲ್ಲ.’

‘ಇಲ್ದೇ ಇರ್ಲಿ ಸಾರ್. ಸೊನ್ನೆ ರೂಪಾಯಿ ಅಂತಾನೇ ಮೂರು ಕಡೆಯಿಂದ ಬರೆಸ್ಕೊಂಡು ಬನ್ನಿ. ಯಾರದು ಕಮ್ಮಿನೋ ಅವರದ್ದೇ ತಗೊಳ್ಳೋಣ.’