ಪರದೆ ಮೇಲಿನ ಉತ್ತರಕುಮಾರ

ಎಲೆಕ್ಟ್ರಾನಿಕ್ಸ್ ವಿಭಾಗವಿರುವ ಯಾವ ಕಾಲೇಜಿಗೆ ಹೋದರೂ ಇವನು ಸಿಗುತ್ತಾನೆ. ಲ್ಯಾಪ್‌ಟಾಪಿನಲ್ಲಿ ಪ್ರೋಟಿಯಸ್ ಸಿಮ್ಯುಲೇಟರ್, ಪೆನ್‌ಡ್ರೈವಿನಲ್ಲಿ ಸೀನಿಯರ್‌ಗಳು ಬಿಟ್ಟುಹೋದ ಹೆಕ್ಸ್ ಫೈಲು. ಸೋಲ್ಡರಿಂಗ್ ಕಡ್ಡಿ ಮುಟ್ಟಿದವನಲ್ಲ. ಆದರೂ ಹಾಸ್ಟೆಲಿನಲ್ಲಿ ಯಾರ 8051 ಚಿಪ್ಪು ಮುನಿಸಿಕೊಂಡರೂ ಕರೆ ಬರುವುದು ಇವನಿಗೇ.

"ಸೀರಿಯಲ್ ಕಮ್ಯುನಿಕೇಶನ್ನಾ? ಎಂಟೇ ಲೈನು ಮಗಾ" ಎನ್ನುತ್ತಾನೆ. ಟಿಮಾಡ್‌ಗೆ 20, ಎಸ್‌ಕಾನ್‌ಗೆ 50, ಟಿಎಚ್1ಕ್ಕೆ ಎಫ್‌ಡಿ, ಎಲ್ಲ ಬಾಯಿಪಾಠ. ಎಫ್‌ಡಿ ಯಾಕೆ ಎಂದರೆ, "ಎಲ್ಲರೂ ಅದನ್ನೇ ಹಾಕೋದು." ಕ್ರಿಸ್ಟಲ್ಲಿನ 11.0592 ಮೆಗಾಹರ್ಟ್ಸನ್ನು 12ರಿಂದ, ಆಮೇಲೆ 32ರಿಂದ, ಕೊನೆಗೆ 3ರಿಂದ ಭಾಗಿಸಿದರೆ ಕರಾರುವಾಕ್ಕಾಗಿ 9600 ಬಾಡ್ ಬರುತ್ತದೆ. ಆ 3ನ್ನು 256ರಿಂದ ಕಳೆದು ಹೆಕ್ಸ್‌ನಲ್ಲಿ ಬರೆದರೆ ಎಫ್‌ಡಿ. ಈ ಲೆಕ್ಕ ಪುಸ್ತಕದಲ್ಲಿದೆ. ಪುಸ್ತಕ ಲೈಬ್ರರಿಯಲ್ಲಿದೆ.

ಇವನ ಸರ್ಕ್ಯೂಟನ್ನು ಒಮ್ಮೆ ನೋಡಬೇಕು. ಕ್ರಿಸ್ಟಲ್ ಇಲ್ಲ, ಕೆಪಾಸಿಟರ್ ಇಲ್ಲ, ಚಿಪ್ಪಿಗೆ ಕರೆಂಟಿನ ತಂತಿಯೂ ಇಲ್ಲ. ಚಿಪ್ಪಿನ ಮೇಲೆ ಎರಡು ಸಲ ಕ್ಲಿಕ್ಕಿಸಿ ಕ್ಲಾಕ್ ಎಷ್ಟೆಂದು ತುಂಬಿದರೆ ಪ್ರೋಟಿಯಸ್‌ಗೆ ಸಾಕು, ಕ್ರಿಸ್ಟಲ್ ಬರೆದರೂ ಅದು ಬರೀ ಅಲಂಕಾರ. ಟಿಎಕ್ಸ್ ಕಾಲಿನಿಂದ ವರ್ಚುವಲ್ ಟರ್ಮಿನಲ್ಲಿನ ಆರ್‌ಎಕ್ಸ್‌ಗೆ ಒಂದೇ ಗೆರೆ ಎಳೆದು ಪ್ಲೇ ಒತ್ತುತ್ತಾನೆ. ಕಪ್ಪು ಕಿಟಕಿಯಲ್ಲಿ 'ಹಲೋ' ಮೂಡುತ್ತದೆ. ನಿಜವಾದ ಸೀರಿಯಲ್ ಪೋರ್ಟಿಗಾದರೆ ನಡುವೆ ಮ್ಯಾಕ್ಸ್232 ಎಂಬ ಪ್ರಾಣಿ ಬೇಕೆಂದು ಅವನಿಗೆ ಯಾರೂ ಹೇಳಿಲ್ಲ.

ಪ್ರಾಜೆಕ್ಟ್ ವೈವಾಕ್ಕೆ ನಿಜವಾದ ಬೋರ್ಡು ಬೇಕಲ್ಲ! ಎಸ್.ಪಿ. ರೋಡಿನ ಅಂಗಡಿಯಲ್ಲಿ 11.0592ರ ಕ್ರಿಸ್ಟಲ್ ಖಾಲಿ. "12 ಇದೆ, ಕೊಡ್ಲಾ?" "ಕೊಡಿ, ಒಂದು ಚೂರು ತಾನೇ, ಅಡ್ಜಸ್ಟ್ ಆಗತ್ತೆ." ಬಾಡ್ ರೇಟು 10,417ಕ್ಕೆ ಜಿಗಿದು, ಶೇಕಡ ಎಂಟೂವರೆ ತಪ್ಪುತ್ತದೆ. ಪರದೆ ತುಂಬ ಚೌಕ, ಪ್ರಶ್ನಾರ್ಥಕ, ಅರ್ಧ ವೃತ್ತ.

"ಏನಪ್ಪಾ ಇದು?" ಎನ್ನುತ್ತಾರೆ ಪರೀಕ್ಷಕರು.

"ಲೂಸ್ ಕನೆಕ್ಷನ್ ಸಾರ್. ಸಿಮ್ಯುಲೇಶನ್‌ನಲ್ಲಿ ಬರ್ತಿದೆ, ತೋರಿಸ್ಲಾ?"

ಊಟದ ಹೊತ್ತು ಮೀರಿರುತ್ತದೆ. ತೋರಿಸುತ್ತಾನೆ, ಪಾಸಾಗುತ್ತಾನೆ.

ಇಂಥ ಮಗ ನಿಮ್ಮ ಮನೆಯಲ್ಲೂ ಇದ್ದರೆ, ಕ್ರಿಸ್ಟಲ್ ತರಲು ಕಳಿಸುವಾಗ ಚೀಟಿಯಲ್ಲಿ 11.0592 ಎಂದು ಬರೆದು, ಪಕ್ಕದಲ್ಲಿ 'ಅಡ್ಜಸ್ಟ್ ಆಗುವುದಿಲ್ಲ' ಎಂದೂ ಸೇರಿಸಿಬಿಡಿ.