ಇವನಿಗೆ ನಿದ್ದೆ ಬಂದಿಲ್ಲವಂತೆ

"ನಿದ್ದೆ ಏನೂ ಬಂದಿಲ್ಲ, ಕಣ್ಣು ಉರೀತಿದೆ ಅಷ್ಟೆ." ಕ್ಯಾನ್ಸಸ್‌ನ ಯಾವುದೋ ಹೆದ್ದಾರಿಯಲ್ಲಿ, ನಡುರಾತ್ರಿ, ಸ್ಟಿಯರಿಂಗ್ ಮೇಲೆ ಗಲ್ಲ ಊರಿಕೊಂಡು ಒಬ್ಬ ಹೀಗೆ ಹೇಳಿದರೆ ಅವನು ಸ್ಟಾರ್ಮ್ ಚೇಸರ್ ಎಂದು ತಿಳಿಯಿರಿ.

ಏಪ್ರಿಲ್‌ನಿಂದ ಜೂನ್‌ವರೆಗೆ ಟೆಕ್ಸಾಸ್, ಓಕ್ಲಹೋಮ, ಕ್ಯಾನ್ಸಸ್, ನೆಬ್ರಾಸ್ಕಾಗಳ ಬಯಲಿನಲ್ಲಿ ಟೊರ್ನಾಡೊ ಕಾಟ. ಸೈರನ್ ಕೂಗಿ ಊರವರೆಲ್ಲ ನೆಲಮಾಳಿಗೆ ಸೇರುವಾಗ ಇವನು ಕ್ಯಾಮೆರಾ ಹಿಡಿದು ಅದರ ಕಡೆಗೇ ಹೊರಡುತ್ತಾನೆ. ಉಳಿದ ದಿನಗಳಲ್ಲಿ ಆಫೀಸಿನಲ್ಲಿ ಕೂತು ಲೆಕ್ಕ ಬರೆಯುವ ಸಾಧು ಪ್ರಾಣಿ. ಕಾರಿನ ಬಾನೆಟ್ ತುಂಬ ಆಲಿಕಲ್ಲು ಬಿದ್ದ ತಗ್ಗುಗಳು. ರಿಪೇರಿಯ ಮಾತೆತ್ತಿದರೆ ಮುನಿಸು. ಇದು ಚಿಲ್ಡ್ರೆಸ್‌ನದು, ಇದು ಶ್ಯಾಮ್‌ರಾಕ್‌ನದು ಎಂದು ಒಂದೊಂದಕ್ಕೂ ಬೆರಳಿಟ್ಟು ಊರು ಹೇಳುತ್ತಾನೆ.

ವಿದ್ಯೆಗೇನೂ ಕೊರತೆಯಿಲ್ಲ. ಗಾಳಿಯ ತೇವ ಎಷ್ಟು, ಮೇಲಿನ ಗಾಳಿ ಯಾವ ದಿಕ್ಕಿನದು, ಕೆಳಗಿನದು ಯಾವುದು ಎಂದು ನೋಡಿ, ಸಂಜೆ ಐದಕ್ಕೆ ಡಾಜ್ ಸಿಟಿಯ ಪಶ್ಚಿಮಕ್ಕೆ ಮೋಡ ಏಳುತ್ತದೆ ಎಂದು ಹೇಳಬಲ್ಲ. ತನ್ನ ರೆಪ್ಪೆ ಎಷ್ಟು ಹೊತ್ತಿಗೆ ಬೀಳುತ್ತದೆ ಎಂಬುದು ಮಾತ್ರ ಇವನ ಹವಾಮಾನ ಶಾಸ್ತ್ರದಲ್ಲಿ ಇಲ್ಲ.

ತೊಂದರೆ ಶುರುವಾಗುವುದು ಹಿಂದಿನ ರಾತ್ರಿಯೇ. ನಾರ್ಮನ್ ಊರಿನಲ್ಲಿರುವ ಸ್ಟಾರ್ಮ್ ಪ್ರಿಡಿಕ್ಷನ್ ಸೆಂಟರಿನವರು ಆ ದಿನದ ಮೊದಲ ಮುನ್ಸೂಚನೆ ನಕ್ಷೆ ಹೊರಡಿಸುವುದು ರಾತ್ರಿ ಒಂದರ ಸುಮಾರಿಗೆ. ಅದನ್ನು ನೋಡದೆ ಮಲಗುವುದುಂಟೆ? ನೋಡಿದ ಮೇಲಂತೂ ನಿದ್ದೆ ಬರುವುದುಂಟೆ? ನಸುಕಿಗೇ ಡಲ್ಲಾಸ್ ಬಿಟ್ಟು ಸುಮಾರು 700 ಕಿ.ಮೀ. ಓಡಿಸಿ ಡಾಜ್ ಸಿಟಿ ಮುಟ್ಟಿದರೆ, ಅಲ್ಲಿ ಸುಡು ಬಿಸಿಲು. ಮೇಲಿನ ಬಿಸಿಗಾಳಿಯ ಪದರ ಮುಚ್ಚಳ ಹಾಕಿ ಕೂತಿದೆ. ಅದು ಒಡೆಯದೆ ಮೋಡ ಏಳದು. ಗ್ಯಾಸ್ ಸ್ಟೇಷನ್ನಿನ ಅಂಗಳದಲ್ಲಿ ತನ್ನಂಥ ಇನ್ನಷ್ಟು ಜನರೊಡನೆ ಕತ್ತೆತ್ತಿಕೊಂಡು ನಿಲ್ಲುತ್ತಾನೆ. ಹಿಂದಿನ ಸೀಟಿನಲ್ಲಿ ಒಂದು ಗಂಟೆ ಮಲಗಲು ಇದಕ್ಕಿಂತ ಒಳ್ಳೆಯ ಹೊತ್ತು ಸಿಗದು. ಆದರೆ ಮಲಗಿದಾಗಲೇ ಮೋಡ ಎದ್ದುಬಿಟ್ಟರೆ?

ಕೆಲವು ದಿನ ಮೋಡ ಏಳುವುದೇ ಇಲ್ಲ. ಎದ್ದರೆ ಕತ್ತಲಾಗುವವರೆಗೆ ಅದರ ಹಿಂದೆ ಓಟ. ಅಷ್ಟು ಹೊತ್ತೂ ಇವನು ನಿಜಕ್ಕೂ ಎಚ್ಚರವಾಗಿರುತ್ತಾನೆ, ಅದನ್ನು ಒಪ್ಪಬೇಕು. ಕತೆ ಕೆಡುವುದು ಆಮೇಲೆ. ಆವೇಶ ಇಳಿದಿದೆ, ಹೊಟ್ಟೆಗೆ ಸ್ಟೇಕ್ ಬಿದ್ದಿದೆ, ಬೆಳಿಗ್ಗೆ ಆಫೀಸಿದೆ, ಮನೆ ಇನ್ನೂ ಆರೇಳು ಗಂಟೆ ದೂರವಿದೆ.

ಆಗ ಹೊರಬರುತ್ತವೆ ಇವನ ಉಪಾಯಗಳು. ಎ.ಸಿ.ಯನ್ನು ಮಂಜುಗಡ್ಡೆ ಕಟ್ಟುವಷ್ಟು ತಿರುಗಿಸುತ್ತಾನೆ, ಕಿಟಕಿಯನ್ನೂ ಇಳಿಸುತ್ತಾನೆ. ಕೆನ್ನೆಗೆ ತಾನೇ ಪಟಪಟ ಬಾರಿಸಿಕೊಳ್ಳುತ್ತಾನೆ. ಉಪ್ಪು ಹಾಕಿದ ಸೂರ್ಯಕಾಂತಿ ಬೀಜ ಜಗಿಯುತ್ತ ಸಿಪ್ಪೆಯನ್ನು ಕಾಗದದ ಲೋಟಕ್ಕೆ ಉಗಿಯುತ್ತಾನೆ. ಪಕ್ಕದಲ್ಲೇ ಅಂಥದೇ ಲೋಟದಲ್ಲಿ ಕಾಫಿ. ವಿಚಿಟಾ ದಾಟುವ ಹೊತ್ತಿಗೆ ಯಾವುದು ಯಾವ ಲೋಟ ಎಂಬುದು ಮರೆತಿರುತ್ತದೆ. ಆ ಒಂದು ಗುಟುಕಿನಿಂದ ಅರ್ಧ ಗಂಟೆ ಎಚ್ಚರ ಗ್ಯಾರಂಟಿ. ಅವನ ಉಪಾಯಗಳಲ್ಲಿ ಕೆಲಸ ಮಾಡುವುದು ಇದೊಂದೇ.

"ನನ್ನ ಜೊತೆ ಮಾತಾಡ್ತಾ ಇರು" ಎನ್ನುತ್ತಾನೆ. ನೀವು ಮಾತಾಡುತ್ತೀರಿ. ಉತ್ತರವಿಲ್ಲ. ಅಷ್ಟರಲ್ಲಿ ರಸ್ತೆಯ ಅಂಚಿನ ಗೀರುಪಟ್ಟಿಗೆ ಚಕ್ರ ತಾಗಿ ಕಾರು ಗರ್ರನೆ ನಡುಗುತ್ತದೆ. "ಈ ರಾಜ್ಯದಲ್ಲಿ ರಸ್ತೆ ಸರಿ ಇಲ್ಲ" ಎಂದು ಗೊಣಗುತ್ತಾನೆ. ಗಂಟೆಗೆ 120 ಕಿ.ಮೀ. ವೇಗದಲ್ಲಿ ನಾಲ್ಕು ಸೆಕೆಂಡು ಕಣ್ಣು ಮುಚ್ಚಿದರೆ ಕಾರು 130 ಮೀಟರ್ ಯಜಮಾನನಿಲ್ಲದೆ ಹೋಗಿರುತ್ತದೆ. ಈ ಲೆಕ್ಕವನ್ನು ನಿಮಗಿಂತ ಚೆನ್ನಾಗಿ ಅವನೇ ಹೇಳಿಕೊಡಬಲ್ಲ, ಎಚ್ಚರವಿದ್ದಾಗ.

ಕಾಫಿಯ ಶಾಸ್ತ್ರವೂ ಇವನಿಗೆ ಗೊತ್ತು. ಕೆಫೀನ್ ಏರಲು ಇಪ್ಪತ್ತು ಮೂವತ್ತು ನಿಮಿಷ ಬೇಕು. ಆದ್ದರಿಂದ ಕಾಫಿ ಕುಡಿದು, ಕಾರು ನಿಲ್ಲಿಸಿ, ಇಪ್ಪತ್ತು ನಿಮಿಷ ಮಲಗಿದರೆ ನಿದ್ದೆಯ ಲಾಭವೂ ಕಾಫಿಯ ಲಾಭವೂ ಒಟ್ಟಿಗೆ ಸಿಗುತ್ತವೆ. ಇದರಲ್ಲಿ ಇವನು ಪಾಲಿಸುವುದು ಕುಡಿಯುವ ಭಾಗ.

ಈ ಮೋಡ ಬೇಟೆಯ ಹವ್ಯಾಸದ ಮೊದಲಿಗರಲ್ಲಿ ಒಬ್ಬರಾದ ಡೇವಿಡ್ ಹೋಡ್ಲಿ ಅದನ್ನು ಶುರುಮಾಡಿದ್ದು 1956ರಲ್ಲಿ. 2013ರ ಮೇ 31ರಂದು ಓಕ್ಲಹೋಮದ ಎಲ್ ರೀನೊದಲ್ಲಿ ನಾಲ್ಕು ಕಿ.ಮೀ.ಗೂ ಅಗಲವಾದ ಟೊರ್ನಾಡೊ ಚೇಸರ್ ಟಿಮ್ ಸಮಾರಸ್ ಅವರೂ ಸೇರಿ ಅವರ ತಂಡದ ಮೂವರನ್ನು ಕೊಂದಿತು. ಅದಕ್ಕೆ ಮೊದಲು ಚೇಸರ್‌ಗಳು ನೇರವಾಗಿ ಟೊರ್ನಾಡೊಗೆ ಬಲಿಯಾದದ್ದು ದಾಖಲಾಗಿರಲಿಲ್ಲ. ಅದುವರೆಗೆ ಬೇಟೆಗೆ ಹೋಗಿ ಜೀವ ಕಳೆದುಕೊಂಡವರಿಗೆ ಮುಳುವಾದದ್ದು ರಸ್ತೆ. ಇವನು ಹೆದರುವುದು ಮಾತ್ರ ಮೋಡಕ್ಕೆ, ಅದೂ ಅದು ತಪ್ಪಿಸಿಕೊಂಡೀತು ಎಂದು.

ಡಲ್ಲಾಸ್ ಕಡೆಯ ಕನ್ನಡಿಗರೇ, ಆಫೀಸಿನಲ್ಲಿ ಇಂಥವನೊಬ್ಬ ಮೇ ತಿಂಗಳಲ್ಲಿ ಕರೆದರೆ ಖಂಡಿತ ಹೋಗಿ, ಆ ಆಕಾಶ ನೋಡುವಂಥದ್ದು. ಆದರೆ ಮಧ್ಯಾಹ್ನ ಅವನು ಕತ್ತೆತ್ತಿ ನಿಂತಾಗ ಹಿಂದಿನ ಸೀಟಿನಲ್ಲಿ ನೀವು ಚೆನ್ನಾಗಿ ನಿದ್ದೆ ಮಾಡಿ, ಜೇಬಿನಲ್ಲಿ ನಿಮ್ಮ ಡ್ರೈವಿಂಗ್ ಲೈಸೆನ್ಸ್ ಇರಲಿ. ವಾಪಸ್ ಬರುವಾಗ ಕಾರು ಓಡಿಸಬೇಕಾದವರು ನೀವೇ.